ಪರಿಣಾಮಗಳಿಗೆ ಅರ್ಧ ಪುಟ

ಕಳೆದ ಭಾನುವಾರ ಮಧ್ಯಾಹ್ನ ನಮ್ಮ ಬೀದಿಯಲ್ಲಿ ಕರೆಂಟು ಹೋಯಿತು. ದಾವಣಗೆರೆಯಲ್ಲಾಗಿದ್ದರೆ ಇದು ಸುದ್ದಿಯೇ ಅಲ್ಲ. ಒಂದೆರಡು ಬೈಗುಳ ಬೈದು, ಹಳೇ ಪೇಪರಿನಲ್ಲಿ ಗಾಳಿ ಬೀಸಿಕೊಳ್ಳುತ್ತಾ ಕೂತುಬಿಡುತ್ತಿದ್ದೆವು. ಸ್ವೀಡನ್ನಿನ ನಾರ್‌ಶೋಪಿಂಗ್‌ನಲ್ಲಿ ಹಾಗಲ್ಲ. ಇಲ್ಲಿ ಕರೆಂಟು ಹೋದರೆ ಜನ ಕಿಟಕಿಗೆ ಬಂದು ನಿಲ್ಲುತ್ತಾರೆ, ಎದುರು ಕಟ್ಟಡದವರ ಮುಖ ನೋಡುತ್ತಾರೆ, ಆಮೇಲೆ ಎಲ್ಲರೂ ಆಕಾಶ ನೋಡುತ್ತಾರೆ. ನನ್ನ ಹೆಂಡತಿ ಶೈಲಜಾ ಸ್ಟೋರ್‌ರೂಮಿನಿಂದ ಸ್ಪಿರಿಟ್ ಸ್ಟೌ ತಂದು ಬಾಲ್ಕನಿಯಲ್ಲಿಟ್ಟು ಹಚ್ಚಿದಳು, ಬಾಣಲೆಯಿಟ್ಟು ಉಪ್ಪಿಟ್ಟಿಗೆ ಒಗ್ಗರಣೆ ಹಾಕಿದಳು. ಸ್ಪಿರಿಟ್ಟಿನ ಆಸ್ಪತ್ರೆ ವಾಸನೆ, ಅದರ ಮೇಲೆ ಸಾಸಿವೆ, ಕರಿಬೇವು. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ನಾವು ಆ ಸ್ಟೌ ಕೊಂಡ ಚಳಿಗಾಲ ಇಡಿಯಾಗಿ ಎದುರಿಗೆ ಬಂತು.

ನಾನು ಊರಲ್ಲಿ ಇತಿಹಾಸದ ಮೇಷ್ಟ್ರು. ದಾವಣಗೆರೆಯ ಒಂದು ಡಿಗ್ರಿ ಕಾಲೇಜಿನಲ್ಲಿ ಆಧುನಿಕ ಯೂರೋಪ್ ಪಾಠ ಮಾಡುತ್ತಿದ್ದೆ. ಪಾಠ ಅಂದರೆ ಏನು, ನೋಟ್ಸ್ ಬರೆಸುವುದು. ಯೂರೋಪು ಎಂಬ ಆ ಖಂಡವನ್ನು ನಾನಾಗಲಿ, ನನ್ನ ಹುಡುಗರಾಗಲಿ ಕಂಡವರಲ್ಲ. ಆದರೆ ಅಲ್ಲಿ ನಡೆದ ಒಪ್ಪಂದಗಳೆಲ್ಲ ನಮ್ಮ ಬಾಯಲ್ಲಿದ್ದವು. "ತಲೆಬರಹ ಹಾಕ್ಕೊಳ್ಳಿ. ನಿಸ್ಟಾಡ್ ಒಪ್ಪಂದ, 1721. ಅಡಿಗೆರೆ ಎಳೀರಿ. ಕಾರಣಗಳು." ಕಾರಣಗಳಾದ ಮೇಲೆ ಷರತ್ತುಗಳು: ಸ್ವೀಡನ್ ತನ್ನ ಬಾಲ್ಟಿಕ್ ಪ್ರಾಂತ್ಯಗಳನ್ನು ರಷ್ಯಾಕ್ಕೆ ಬಿಟ್ಟುಕೊಟ್ಟಿತು, ರಷ್ಯಾ ಫಿನ್ಲೆಂಡಿನ ಬಹುಭಾಗವನ್ನು ಹಿಂದಿರುಗಿಸಿತು, ಎರಡೂ ದೇಶಗಳು ಶಾಶ್ವತ ಶಾಂತಿಗೆ ಒಪ್ಪಿದವು. ಅಷ್ಟು ಹೊತ್ತಿಗೆ ಬೆಲ್ ಹೊಡೆಯುತ್ತಿತ್ತು. ನಾನು ಸೀಮೆಸುಣ್ಣ ಜೇಬಿಗಿಟ್ಟುಕೊಂಡು ಹೇಳುತ್ತಿದ್ದೆ: "ಪರಿಣಾಮಗಳಿಗೆ ಅರ್ಧ ಪುಟ ಜಾಗ ಬಿಡಿ, ನಾಳೆ ಬರೆಸ್ತೀನಿ." ಮನೆಯಲ್ಲಿ ಪಾಠದ ತಯಾರಿ ಮಾಡುವಾಗಲೂ ಇದೇ ರಾಗ. ನನ್ನ ಮಗಳು ಸಿಂಚನಾ ಪುಟ್ಟವಳಿದ್ದಾಗ ಗೊಂಬೆಗಳನ್ನು ಸಾಲಾಗಿ ಕೂರಿಸಿಕೊಂಡು ಥೇಟ್ ನನ್ನ ಹಾಗೆ ಗಂಟಲು ಸರಿಮಾಡಿಕೊಂಡು "ಅರ್ಧ ಪುಟ ಜಾಗ ಬಿಡಿ" ಅನ್ನುತ್ತಿದ್ದಳು. ಆ ಗೊಂಬೆಗಳಿಗೆ ನಾಳೆಯ ಪಾಠ ಯಾವತ್ತೂ ನಡೆಯಲಿಲ್ಲ.

ಶೈಲಜಾಗೆ ಇಲ್ಲಿನ ಒಂದು ಸಾಗಣೆ ಕಂಪನಿಯ ಸಾಫ್ಟ್‌ವೇರ್ ವಿಭಾಗದಲ್ಲಿ ಕೆಲಸ ಸಿಕ್ಕಿತು. ಸಿಂಚನಾ ಆಗ ಪ್ರೈಮರಿ ಸ್ಕೂಲು. ನಾನು ಕೆಲಸ ಬಿಟ್ಟು ಅವರ ಹಿಂದೆ ಬಂದೆ. ಇಲ್ಲಿ ನನ್ನ ಎಂ.ಎ.ಯನ್ನು ಯಾರೂ ಕೇಳಲಿಲ್ಲ. ಒಂದು ಗೋದಾಮಿನಲ್ಲಿ ಪೆಟ್ಟಿಗೆಗಳ ಬೆನ್ನಿಗೆ ಸ್ಕ್ಯಾನರ್ ಹಿಡಿದು 'ಪೀಂ' ಅನ್ನಿಸುವ ಕೆಲಸ ಸಿಕ್ಕಿತು, ಮಾಡಿಕೊಂಡಿದ್ದೇನೆ. ಬೇಸರವೇನಿಲ್ಲ. ಪೆಟ್ಟಿಗೆಗಳು ಹಿಂದಿನ ಬೆಂಚಿನಲ್ಲಿ ಕೂತು ಮಾತಾಡುವುದಿಲ್ಲ.

ನಮ್ಮ ಕೆಳಗಿನ ಮನೆಯಲ್ಲಿ ಬಿರ್ಗಿತ್ತಾ ಎಂಬ ನಿವೃತ್ತ ಗಣಿತ ಟೀಚರ್ ಒಬ್ಬರೇ ಇದ್ದಾರೆ. ಸ್ಕೂಲು ಬಿಟ್ಟ ಮೇಲೆ ನಾವು ಬರುವವರೆಗೆ ಸಿಂಚನಾ ಅವರ ಅಡುಗೆಮನೆಯಲ್ಲೇ ಬೆಳೆದಳು. ದಾಲ್ಚಿನ್ನಿ ಬನ್ನು ತಿಂದಳು, ಸ್ವೀಡಿಷ್ ಕಲಿತಳು. ಬಸವರಾಜ ಎಂಬ ನನ್ನ ಹೆಸರು ಬಿರ್ಗಿತ್ತಾ ಬಾಯಲ್ಲಿ ಸವೆದು ಸವೆದು 'ಬಾಸೆ' ಆಯಿತು. ಬಂದ ಹೊಸದರಲ್ಲಿ ಒಂದು ಭಾನುವಾರ ಅವರು ನಮ್ಮನ್ನು ಊರಂಚಿನ ಹಳೇ ಕೋಟೆ ನೋಡಲು ಕರೆದುಕೊಂಡು ಹೋದರು. ಕೋಟೆ ಅಂತ ಹೆಸರಿಗಷ್ಟೆ. ಒಂದು ಹೆಬ್ಬಾಗಿಲ ಗೋಪುರ, ಹುಲ್ಲಿನ ದಿಬ್ಬ, ಪಕ್ಕದಲ್ಲಿ ಹೆದ್ದಾರಿಯ ಸದ್ದು. "ರಷ್ಯನ್ನರು ಸುಟ್ಟರು," ಅಂದರು, ಹೋದ ತಿಂಗಳು ನಡೆದದ್ದರ ಹಾಗೆ. ವಿಚಾರಿಸಿದರೆ 1719. ನಿಸ್ಟಾಡ್ ಒಪ್ಪಂದಕ್ಕೆ ಎರಡು ವರ್ಷ ಮೊದಲು, ಸ್ವೀಡನ್ ಸಂಧಿಗೆ ಬರಲಿ ಎಂದು ರಷ್ಯಾದ ದೋಣಿಗಳು ಈ ಕರಾವಳಿಯ ಉದ್ದಕ್ಕೂ ಊರೂರು ಸುಟ್ಟುಕೊಂಡು ಬಂದಿದ್ದವು. ಅದರಲ್ಲಿ ನಾನು ಬಾಡಿಗೆಗಿರುವ ಈ ಊರೂ ಸುಟ್ಟಿತ್ತು. ನನ್ನ ನೋಟ್ಸಿನಲ್ಲಿ ಇದಕ್ಕೆ ಒಂದು ಸಾಲೂ ಇರಲಿಲ್ಲ.

ಇತಿಹಾಸ ನನಗೂ ಗೊತ್ತು ಅಂತ ತೋರಿಸಿಕೊಳ್ಳಬೇಕಲ್ಲ. ಆ ರಷ್ಯಾದ ಪೀಟರ್ ಚಕ್ರವರ್ತಿ ಎಂಥಾ ಸುಧಾರಕ, ಹೇಗೆ ಯೂರೋಪಿನ ಕಡೆಗೆ ಕಿಟಕಿ ತೆರೆದ, ತನ್ನ ಸರದಾರರ ಗಡ್ಡ ಹೇಗೆ ಬೋಳಿಸಿದ ಎಂದು ಬಿರ್ಗಿತ್ತಾಗೆ ಬಣ್ಣಿಸಿದೆ. ಗಡ್ಡದ ಜಾಗಕ್ಕೆ ಬಂದರೆ ನನ್ನ ಕ್ಲಾಸಿನಲ್ಲಿ ಎಂಥವರೂ ನಗುತ್ತಿದ್ದರು. ಅವರು ನಗಲಿಲ್ಲ.

"ಗಡ್ಡದ ವಿಷಯ ನನಗೆ ಗೊತ್ತಿಲ್ಲ, ಬಾಸೆ," ಅಂದರು. "ಇಲ್ಲಿ ಮನೆಗಳು ಉಳೀಲಿಲ್ಲ ಅನ್ನೋದು ಗೊತ್ತು."

ಅವತ್ತಿಗೆ ಅದೊಂದು ಹಳೇ ಕತೆ. ನಾವು ಫ್ಲಾಸ್ಕಿನ ಕಾಫಿ ಕುಡಿದು ಮನೆಗೆ ಬಂದೆವು.

ನಾನು ಹೇಳುತ್ತಿರುವ ಚಳಿಗಾಲ ಬರುವ ಹೊತ್ತಿಗೆ ಕತೆ ಹಳೇದಾಗಿ ಉಳಿದಿರಲಿಲ್ಲ. ಆಚೆ ದಂಡೆಯ ರಷ್ಯಾ ತನ್ನ ನೆರೆಯ ದೇಶದ ಮೇಲೆ ಯುದ್ಧ ನಡೆಸುತ್ತಲೇ ಇತ್ತು. ಸ್ವೀಡನ್ ತಾನು ಯಾರ ಕಡೆಗೂ ಇಲ್ಲ ಅನ್ನುವ ತಲೆತಲಾಂತರದ ಹಠ ಬಿಟ್ಟು ಪಶ್ಚಿಮದ ಸೇನಾಕೂಟ ಸೇರಿತ್ತು. ಸಮುದ್ರದಡಿಯ ಕೇಬಲ್ ಯಾರೋ ಕಡಿದರು ಅಂತ ಸುದ್ದಿ. ಪಕ್ಕದ ಲಿನ್‌ಶೋಪಿಂಗ್ ಕಡೆಯಿಂದ ಯುದ್ಧವಿಮಾನಗಳು ದಿನಾ ನಮ್ಮ ತಲೆ ಮೇಲೆ ಹಾರುತ್ತಿದ್ದವು. ಮೊದಲೂ ಹಾರುತ್ತಿದ್ದವೋ ಏನೋ, ನಾವು ತಲೆಯೆತ್ತಿ ನೋಡಲು ಶುರು ಮಾಡಿದ್ದು ಆಗ. ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ ಬಾಂಬಿನಿಂದ ತಪ್ಪಿಸಿಕೊಳ್ಳುವ ಒಂದು ಕೋಣೆಯಿದೆ. ದಪ್ಪ ಕಬ್ಬಿಣದ ಬಾಗಿಲು. ನಾವು ಬಂದಾಗಿನಿಂದ ಅಲ್ಲಿದ್ದದ್ದು ಸೈಕಲ್ಲುಗಳು, ಮುರುಕು ಸೋಫಾ, ಮತ್ತು ಊರಿನ ಕನ್ನಡದವರು ರಾಜ್ಯೋತ್ಸವಕ್ಕೆ ಬಳಸುವ ಭುವನೇಶ್ವರಿ ಫೋಟೊ, ಹಳದಿ ಕೆಂಪು ಬಾವುಟಗಳ ಗಂಟು. ನವೆಂಬರಿನಲ್ಲಿ ಕಟ್ಟಡದ ಸಂಘದವರು ಚೀಟಿ ಅಂಟಿಸಿದರು: ಎಲ್ಲ ಖಾಲಿ ಮಾಡಿ. ನಾನು ಭುವನೇಶ್ವರಿಯನ್ನು ಎದೆಗವಚಿಕೊಂಡು ಮೆಟ್ಟಿಲು ಹತ್ತುವಾಗ ಇಬ್ಬರು ಗಂಡಸರು ಆ ಬಾಗಿಲ ಹಿಡಿಗೆ ಎಣ್ಣೆ ಬಿಡುತ್ತಿದ್ದರು. ಮಧ್ಯಾಹ್ನದ ಮೂರಕ್ಕೇ ಕತ್ತಲಾಗಿತ್ತು.

ಅದೇ ತಿಂಗಳು ಎಲ್ಲರ ಮನೆಗೂ ಸರ್ಕಾರದ ಹಳದಿ ಪುಸ್ತಿಕೆ ಬಂತು. ಯುದ್ಧ ಬಂದರೆ ಏನು ಮಾಡಬೇಕು, ಮನೆಯಲ್ಲಿ ಏನೇನಿರಬೇಕು. ಬಿರ್ಗಿತ್ತಾ ಅದನ್ನು ಫ್ರಿಜ್ಜಿಗೆ ಸಿಕ್ಕಿಸಿ, ಕಪಾಟು ತೆರೆದು ನಮಗೆ ಒಣ ಬ್ರೆಡ್ಡು, ಡಬ್ಬಿ ಮೀನು, ಮೇಣದಬತ್ತಿ ತೋರಿಸಿದರು. "ನಮ್ಮಮ್ಮನ ಕಪಾಟು ಹೀಗೇ ಇತ್ತು. ಅವಳು ಹೋದ ಮೇಲೆ ಇನ್ನು ಬೇಡ ಅಂತ ಎಲ್ಲ ಎಸೆದಿದ್ದೆ," ಅಂದರು. ಶೈಲಜಾ ಪುಸ್ತಿಕೆ ಓದಿ, ನೀರು ತುಂಬಿಡಬೇಕು ಅನ್ನುವಲ್ಲಿಗೆ ಬಂದಾಗ ನಕ್ಕುಬಿಟ್ಟಳು. ದೀಪಾವಳಿಯ ನೀರು ತುಂಬುವ ಹಬ್ಬ ಮುಗಿದು ಆಗಿನ್ನೂ ಬಹಳ ದಿನ ಆಗಿರಲಿಲ್ಲ. ಊರಿಂದ ತಂದ ತಾಮ್ರದ ಹಂಡೆ ತಿಕ್ಕಿ, ಸುಣ್ಣದ ಪಟ್ಟೆ ಬಳಿದು, ಇಲ್ಲಿಯೂ ಅವಳು ಪ್ರತಿವರ್ಷ ತುಂಬುತ್ತಾಳೆ.

"ನಮ್ಮತ್ತೆ ಇದನ್ನೆಲ್ಲ ಸರ್ಕಾರಕ್ಕಿಂತ ಮುಂಚೇನೇ ಹೇಳಿದ್ರು ಕಣ್ರೀ," ಅಂದಳು. ಆದರೆ ಆ ವರ್ಷ ಹಬ್ಬ ಮುಗಿದರೂ ಹಂಡೆಯ ನೀರು ಚೆಲ್ಲಲಿಲ್ಲ. ಆ ಶನಿವಾರವೇ ಹೋಗಿ ಸ್ಪಿರಿಟ್ ಸ್ಟೌ ತಂದಳು. ಕೆಲಸ ಮಾಡುತ್ತದೋ ಇಲ್ಲವೋ ನೋಡಬೇಕಲ್ಲ ಅಂತ ಬಾಲ್ಕನಿಯಲ್ಲಿ, ಹಿಮ ಬೀಳುತ್ತಿರುವಾಗ, ಒಗ್ಗರಣೆ ಹಾಕಿದಳು.

ಇದೆಲ್ಲದರ ನಡುವೆ ಸಿಂಚನಾಗೆ ಹದಿನೆಂಟು ತುಂಬಿತು. ನಮ್ಮ ಮನೆಯಲ್ಲೂ ಒಂದು ಒಪ್ಪಂದ ಆಗಿತ್ತು, ಅದನ್ನು ಇಲ್ಲಿ ಹೇಳಬೇಕು. ಇಲ್ಲಿನ ಪೌರತ್ವ ತಗೊಳ್ಳಬೇಕು ಅಂತ ಶೈಲಜಾ, ಬೇಡ ಅಂತ ನಾನು. ಒಂದಿಡೀ ಬೇಸಿಗೆ ಜಗಳವಾಡಿ ಕೊನೆಗೆ ಅವಳೂ ಸಿಂಚನಾನೂ ತಗೊಳ್ಳುವುದು, ನಾನು ಭಾರತದ ಪಾಸ್‌ಪೋರ್ಟ್ ಇಟ್ಟುಕೊಳ್ಳುವುದು ಅಂತ ತೀರ್ಮಾನವಾಯಿತು. ಮುಂದೆ ಓದೋಕೆ ಅನುಕೂಲ, ಓಡಾಡೋಕೆ ವೀಸಾ ರಗಳೆ ಇಲ್ಲ. ನಾವು ನೋಡಿದ್ದು ಇಷ್ಟೇ. ಈ ದೇಶದಲ್ಲಿ ಹದಿನೆಂಟು ತುಂಬುವ ಪ್ರಜೆಗಳನ್ನು, ಗಂಡಾಗಲಿ ಹೆಣ್ಣಾಗಲಿ, ಸೈನ್ಯಕ್ಕೆ ಬೇಕಾ ಬೇಡವಾ ಎಂದು ತೂಗಿ ನೋಡುತ್ತಾರೆ ಅನ್ನುವುದು ಗೊತ್ತಿತ್ತು. ಗೊತ್ತಿದ್ದೂ ತಲೆಗೆ ಹೋಗಿರಲಿಲ್ಲ. ನಮ್ಮ ಮನೆಯ ಹುಡುಗಿ, ಭರತನಾಟ್ಯ ಕಲಿತವಳು, ಸೈನ್ಯ ಅಂದರೇನು, ಬಂದೂಕು ಅಂದರೇನು.

ಕಾಲೇಜಿಗೆ ಮುಂಚಿನ ಕೊನೆಯ ವರ್ಷದಲ್ಲಿ ಮಕ್ಕಳು ಒಂದು ದೊಡ್ಡ ಪ್ರಬಂಧ ಬರೆಯಬೇಕು. ಸಿಂಚನಾ ನಿಸ್ಟಾಡ್ ಒಪ್ಪಂದ ಆರಿಸಿಕೊಂಡಳು. ಅದನ್ನು ಕೇಳಿ ನನಗಾದ ಖುಷಿ ಅಷ್ಟಿಷ್ಟಲ್ಲ. ಇಷ್ಟು ವರ್ಷ ಅಪ್ಪ ಅಂದರೆ ಪೆಟ್ಟಿಗೆ ಎಣಿಸುವವನು, ಈಗ ಮಗಳು ತಾನಾಗಿ ಬಂದು "ಅಪ್ಪ, ಹೆಲ್ಪ್ ಮಾಡ್ತೀಯಾ" ಅಂದಿದ್ದಾಳೆ. ಊಟವಾದ ಮೇಲೆ ಟೇಬಲ್ಲಿನ ಮೇಲಿದ್ದ ಡಬ್ಬಿಗಳನ್ನೆಲ್ಲ ಮುಂದಕ್ಕೆ ಎಳೆದುಕೊಂಡೆ.

"ಇದು ಉಪ್ಪಿನಕಾಯಿ ಜಾಡಿ, ರಷ್ಯಾ. ಉಪ್ಪಿನ ಡಬ್ಬಿ ಸ್ವೀಡನ್. ಚಟ್ನಿಪುಡಿ ಪೋಲೆಂಡು, ಗುರೆಳ್ಳುಪುಡಿ ಡೆನ್ಮಾರ್ಕು. ತುಪ್ಪದ ಬಾಟ್ಲು ಇಂಗ್ಲೆಂಡು. ಮೊದಲು ಸ್ವೀಡನ್ ಜಾಸ್ತಿ ಬೆಳೀತು, ಉಳಿದೋರೆಲ್ಲ ಸೇರಿ ಅದರ ಮೇಲೆ ಬಿದ್ರು. ಈಗ ರಷ್ಯಾ ಬೆಳೀತಾ ಇದೆ, ಇಂಗ್ಲೆಂಡಿಗೆ ಹೊಟ್ಟೆನೋವು ಶುರುವಾಯ್ತು. ಯಾರೊಬ್ಬರೂ ಜಾಸ್ತಿ ತೂಗಬಾರದು. ಇದೇ ಬಲ ಸಮತೋಲನ."

"ಆಮೇಲೆ?"

"ಇಂಗ್ಲೆಂಡು ಸ್ವೀಡನ್‌ಗೆ ಹೇಳ್ತು, ಜರ್ಮನಿಯಲ್ಲಿರೋ ನಿನ್ನ ಸೀಮೆ ನಮ್ಮ ರಾಜನಿಗೆ ಬಿಟ್ಕೊಡು, ರಷ್ಯಾ ಬಂದ್ರೆ ನಮ್ಮ ಹಡಗು ಬರುತ್ತೆ ಅಂತ. ಸ್ವೀಡನ್ ಒಪ್ಕೊಳ್ತು."

"ಹಡಗು ಬಂತಾ?"

"ಬಂತು. ಊರುಗಳು ಸುಟ್ಟ ಮೇಲೆ ಬಂತು. ಆಮೇಲಿನ ವರ್ಷಗಳಲ್ಲೂ ಬಂತು. ಆದ್ರೆ ರಷ್ಯಾದ ದೋಣಿಗಳು ದಂಡೆ ಹತ್ರ, ಸಣ್ಣಸಣ್ಣ ದ್ವೀಪಗಳ ಸಂದಿಯಲ್ಲಿ ಓಡಾಡ್ತಿದ್ವು. ದೊಡ್ಡ ಹಡಗು ಅಲ್ಲಿಗೆ ನುಗ್ಗೋಕಾಗಲ್ಲ. ದೂರದಲ್ಲಿ ನಿಂತು ನೋಡ್ತು. ಕೊನೆಗೆ ಸ್ವೀಡನ್ ಒಂಟಿಯಾಗಿ ಹೋಗಿ ಸಹಿ ಹಾಕ್ತು. ಶಾಶ್ವತ ಶಾಂತಿ."

"ಎಷ್ಟು ವರ್ಷ ಇತ್ತು, ಆ ಶಾಶ್ವತ?"

"ಇಪ್ಪತ್ತು ವರ್ಷ. ಆಮೇಲೆ ಮತ್ತೆ ಯುದ್ಧ."

ಅವಳು ಬೆರಳಿಂದ ಟೇಬಲ್ಲು ಕುಟ್ಟಿ, "ಅಪ್ಪ, ಇದು ಯಾರು?" ಅಂದಳು.

"ಯಾವುದು?"

"ಟೇಬಲ್. ಡಬ್ಬಿಗಳೆಲ್ಲ ದೇಶ, ಓಕೆ. ಟೇಬಲ್ ಯಾರು? ಬಿರ್ಗಿತ್ತಾ ಹೇಳ್ತಾರಲ್ಲ, ಮನೆ ಸುಟ್ಟೋಯ್ತು, ಜನ ಕಾಡಿಗೆ ಓಡಿದ್ರು ಅಂತ. ಅವರು ಕಾರಣದಲ್ಲಿ ಬರ್ತಾರಾ, ಪರಿಣಾಮದಲ್ಲಿ ಬರ್ತಾರಾ?"

"ಅದು ಸಿಲಬಸ್‌ನಲ್ಲಿ ಇರಲಿಲ್ಲ ಕಣಮ್ಮ" ಅಂದೆ. ಅವಳು ನಕ್ಕಳು, ಕೆನ್ನೆ ಹಿಂಡಿ ಎದ್ದು ಹೋದಳು.

ಜನವರಿಯಲ್ಲಿ ಅವಳನ್ನು ಸೈನ್ಯದ ಆಯ್ಕೆ ಪರೀಕ್ಷೆಗೆ ಕರೆದರು. ಇಲ್ಲಿ ಅದಕ್ಕೆ ಮೊನ್‌ಸ್ಟ್ರಿಂಗ್ ಅನ್ನುತ್ತಾರೆ. ಸ್ಟಾಕ್‌ಹೋಮಿಗೆ ಹೋಗಬೇಕು. ಬುದ್ಧಿಶಕ್ತಿಯ ಪರೀಕ್ಷೆ, ಸೈಕಲ್ ತುಳಿಸುವುದು, ಕಣ್ಣು ಕಿವಿ, ಮನಸ್ಸಿನ ಬಗ್ಗೆ ಮಾತುಕತೆ. ಒಂದರಿಂದ ಒಂಬತ್ತರವರೆಗೆ ಅಂಕ. ಇಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ನಡೆದದ್ದನ್ನು ಬಿರ್ಗಿತ್ತಾಗೆ ಎಷ್ಟು ಹೇಳಿದರೂ ಅರ್ಥವಾಗುವುದಿಲ್ಲ. ಕರ್ನಾಟಕದವರಿಗೆ ಮಾತ್ರ ಅರ್ಥವಾಗುತ್ತದೆ.

ಉಡುಪಿ ಕಡೆಯ ರಾಘವೇಂದ್ರ ಅಂತ ನಮ್ಮ ಗೆಳೆಯ, ಇಲ್ಲೇ ಐಟಿಯಲ್ಲಿದ್ದಾನೆ. ವಿಷಯ ಕಿವಿಗೆ ಬಿದ್ದ ಕೂಡಲೇ ಅವನು ಕೇಳಿದ ಮೊದಲ ಪ್ರಶ್ನೆ, "ಮೇಷ್ಟ್ರೇ, ಕಟ್‌ಆಫ್ ಎಷ್ಟು?"

"ಕಟ್‌ಆಫ್ ಎಂಥದ್ದು ಮಾರಾಯ, ಇದು ಸೈನ್ಯದ್ದು."

"ಆದ್ರೂ ಟೆಸ್ಟು ಅಂದ್ಮೇಲೆ ಟೆಸ್ಟೇ ಅಲ್ವಾ? ನನ್ನ ಹತ್ರ ರೀಸನಿಂಗ್ ಪುಸ್ತಕಗಳಿವೆ, ಎಂಬಿಎ ಎಂಟ್ರೆನ್ಸಿಗೆ ಓದಿದ್ದು. ತಂದ್ಕೊಡ್ತೇನೆ."

ತಂದುಕೊಟ್ಟ. ಶೈಲಜಾ ಕೆಲಸದಿಂದ ಬಂದು ಕೈಕಾಲು ತೊಳೆದವಳೇ ಮಗಳ ಎದುರು ಪುಸ್ತಕ ಹಿಡಿದು ಕೂತುಬಿಡುತ್ತಿದ್ದಳು. ಮುಂದಿನ ಚಿತ್ರ ಯಾವುದು, ಗುಂಪಿಗೆ ಸೇರದ ಪದ ಯಾವುದು. ನಾನು ಮೊಬೈಲಿನಲ್ಲಿ ಟೈಮು ನೋಡಿ ಹೇಳುವವನು. ಶನಿವಾರ ಭಾನುವಾರ ನದಿಯ ದಂಡೆಯಲ್ಲಿ ಓಟ, ರಾಘವೇಂದ್ರ ಜೊತೆಗೆ ಏದುಸಿರು ಬಿಡುತ್ತಾ ಓಡುತ್ತಿದ್ದ. ಬೆಳಿಗ್ಗೆ ನೆನೆಸಿದ ಬಾದಾಮಿ. ಮನೆ ಪಿಯುಸಿ ಮಕ್ಕಳಿರುವ ಮನೆಯ ಹಾಗಾಯಿತು. ಟಿವಿ ಬಂದ್, ಮಾತು ಕಡಿಮೆ. ನಿಜ ಹೇಳಬೇಕೆಂದರೆ ಒಂದು ತರಹ ಹಬ್ಬದ ವಾತಾವರಣ. ಆ ಕತ್ತಲ ತಿಂಗಳುಗಳಲ್ಲಿ, ಸುದ್ದಿ ನೋಡಿ ನೋಡಿ ಕಂಗಾಲಾಗಿದ್ದ ನಮಗೆ, ಕೈಗೆ ಗೊತ್ತಿರುವ ಕೆಲಸವೊಂದು ಸಿಕ್ಕಿತ್ತು. ಎದುರಿಗೊಂದು ಪರೀಕ್ಷೆಯಿದೆ, ಮನೆಯಲ್ಲೊಂದು ಬುದ್ಧಿವಂತ ಮಗುವಿದೆ. ಚೆನ್ನಾಗಿ ಮಾಡಿದರೆ ಏನು ಸಿಗುತ್ತದೆ ಅಂತ ಯಾರೂ ಕೇಳಿಕೊಳ್ಳಲಿಲ್ಲ.

ಪರೀಕ್ಷೆಯ ದಿನ ಬೆಳಿಗ್ಗೆ ಶೈಲಜಾ ದೇವರಿಗೆ ದೀಪ ಹಚ್ಚಿ, ಮಗಳ ಹಣೆಗೆ ಕುಂಕುಮವಿಟ್ಟು, ಕೈಗೆ ಮೊಸರು ಸಕ್ಕರೆ ಕೊಟ್ಟಳು. "ಗಾಬರಿಯಾಗ್ಬೇಡ, ಗೊತ್ತಿರೋದನ್ನ ಮೊದಲು ಮಾಡು" ಅಂದಳು. ಸಿಂಚನಾ ಮೆಟ್ಟಿಲ ಹತ್ತಿರ ಬೂಟು ಹಾಕಿಕೊಂಡಳು. ಚಪ್ಪಲಿ ಬೂಟಿನ ವಿಷಯದಲ್ಲಿ ನನ್ನ ಹೆಂಡತಿ ಬಹಳ ಕಟ್ಟುನಿಟ್ಟು. ಹೊಸ್ತಿಲು ದಾಟಿ ಒಳಗೆ ಬರಕೂಡದು, ಅಡುಗೆಮನೆಯ ಕಡೆಗಂತೂ ಸುಳಿಯಕೂಡದು. ಒಮ್ಮೆ ಬೂಟು ಹಾಕಿಕೊಂಡ ಮೇಲೆ ಪರ್ಸು ಮರೆತಿದ್ದೇನೆಂದು ಎರಡು ಹೆಜ್ಜೆ ಒಳಗಿಟ್ಟದ್ದಕ್ಕೆ ನಾನು ಇಡೀ ಹಾಲ್ ಒರೆಸಬೇಕಾಯಿತು. ಸ್ವೀಡನ್ನಿನವರೂ ಮನೆಯೊಳಗೆ ಬೂಟು ಹಾಕುವುದಿಲ್ಲ. ಇದೊಂದರಲ್ಲಿ ಈ ದೇಶಕ್ಕೂ ನನ್ನ ಹೆಂಡತಿಗೂ ಮೊದಲ ದಿನವೇ ಹೊಂದಿಕೆಯಾಗಿತ್ತು.

ನಾನು ಸ್ಟೇಷನ್ನಿನವರೆಗೆ ಹೋದೆ. ರೈಲು ಬರುವ ಹೊತ್ತಿಗೆ ಪ್ಲಾಟ್‌ಫಾರ್ಮಿನಲ್ಲಿ ಅವಳ ವಯಸ್ಸಿನ ಇನ್ನೂ ಒಂದಿಷ್ಟು ಮಕ್ಕಳು ಕಂಡರು. ಎಲ್ಲರ ಕೈಯಲ್ಲೂ ಒಂದೊಂದು ಬ್ಯಾಗು. ಅಲ್ಲಿ ಒಮ್ಮೆಗೇ ನನಗೆ ಎಚ್ಚರವಾಯಿತು. ಇದು ಯಾವ ಪರೀಕ್ಷೆ, ನಾವು ಇಷ್ಟು ದಿನ ಮಾಡಿದ್ದೇನು? ಕಿವಿಯಲ್ಲಿ ಹೇಳಿಬಿಡೋಣ, ನಾಲ್ಕು ಪ್ರಶ್ನೆ ಬಿಟ್ಟುಬಿಡು, ತಪ್ಪು ಬರಿ ಅಂತ. ಬಾಯಿ ತೆರೆದೆ. ಕಡಿಮೆ ಮಾರ್ಕ್ಸ್ ತೆಗಿ ಅನ್ನುವ ಮಾತು ನನ್ನ ನಾಲಿಗೆಗೆ ಬರಲೇ ಇಲ್ಲ. ಜೀವಮಾನದಲ್ಲಿ ಯಾವ ಮಗುವಿಗೂ ಹೇಳದ ಮಾತು ಅದು.

"ಆಲ್ ದ ಬೆಸ್ಟ್ ಕಂದ" ಅಂದೆ. ಬಾಗಿಲು ಮುಚ್ಚಿಕೊಂಡಿತು.

ಸಂಜೆ ಸ್ಟಾಕ್‌ಹೋಮಿನಿಂದಲೇ ಅವಳ ಫೋನು ಬಂತು. ಶೈಲಜಾ ಸ್ಪೀಕರಿಗೆ ಹಾಕಿದಳು. "ಒಂಬತ್ತಕ್ಕೆ ಒಂಬತ್ತು ಅಮ್ಮ, ರೀಸನಿಂಗ್‌ನಲ್ಲಿ." ಶೈಲಜಾ ಫೋನಿಟ್ಟವಳೇ ಬೆಂಗಳೂರಿನ ತಂಗಿಗೆ ಫೋನು ಹಚ್ಚಿದಳು. "ಔಟ್ ಆಫ್ ಔಟ್ ಕಣೇ!" ಆ ಕಡೆಯಿಂದ ತಂಗಿಯ ದನಿ ನನಗೂ ಕೇಳಿಸಿತು: "ವಾವ್, ಸೂಪರ್ ಕಣೇ. ಯಾವ ಸೀಟು ಸಿಗುತ್ತಂತೆ?"

ಆ ಕಡೆಯಿಂದ ತಂಗಿ ಹಲೋ, ಹಲೋ ಅನ್ನುತ್ತಿದ್ದಳು. ಫೋನನ್ನು ಹಾಗೇ ಸೋಫಾದ ಮೇಲಿಟ್ಟು ಶೈಲಜಾ ನನ್ನ ಮುಖ ನೋಡಿದಳು. "ರೀ, ನಾವೇ ಓದಿಸಿದ್ವಲ್ರೀ" ಅಂದಳು. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವಳು ಅಷ್ಟು ಅತ್ತದ್ದನ್ನು ನಾನು ನೋಡಿರಲಿಲ್ಲ.

ಸಿಕ್ಕಿದ ಸೀಟು ಗಾಟ್‌ಲ್ಯಾಂಡ್. ಬಾಲ್ಟಿಕ್ ಸಮುದ್ರದ ನಡುವಿನ ದ್ವೀಪ, ಅಲ್ಲಿನ ಸೇನಾದಳದಲ್ಲಿ ಒಂದು ಸಣ್ಣ ತಂಡದ ನಾಯಕಿಯಾಗಿ ತರಬೇತಿ. ಕಡಿಮೆ ಅಂಕದವರನ್ನು ಮನೆಗೆ ಕಳಿಸಿದ್ದರು, ನಡುವಿನವರನ್ನು ಅಡುಗೆಗೋ ಗೋದಾಮಿಗೋ ಹಾಕಿದ್ದರು. ಭೂಪಟದಲ್ಲಿ ನೋಡಿದರೆ ಆ ದ್ವೀಪ ನಮ್ಮ ಡಬ್ಬಿಗಳ ಟೇಬಲ್ಲಿನ ಸರಿಯಾಗಿ ನಡುವೆ ಇತ್ತು. ನಾನು ಅವತ್ತಿನಿಂದ ಮಗಳ ಹಿಂದೆ ಬಿದ್ದೆ. ಬಂದೂಕು ಮುಟ್ಟುವುದಿಲ್ಲ ಅಂತ ಬರೆದುಕೊಡಬಹುದು, ಕಾನೂನಿನಲ್ಲೇ ಅವಕಾಶವಿದೆ. ಊರಿಗೆ ಹೋಗಿಬಿಡಬಹುದು, ದಾವಣಗೆರೆಯಲ್ಲಿ ಎಷ್ಟು ಒಳ್ಳೊಳ್ಳೆ ಕಾಲೇಜುಗಳಿವೆ. ಬೇಡಿಕೊಂಡೆ, ರೇಗಿದೆ, ಊಟ ಬಿಟ್ಟೆ. ಏನೂ ನಡೆಯಲಿಲ್ಲ. ಫೆಬ್ರವರಿಯ ಒಂದು ಸಂಜೆ, ಹಿಮ ಕರಗಿ ಮತ್ತೆ ಹೆಪ್ಪುಗಟ್ಟಿದ ರಸ್ತೆಯಲ್ಲಿ ಇಬ್ಬರೂ ಜಾರದಂತೆ ನಡೆಯುತ್ತಿದ್ದಾಗ ಕೊನೇ ಸಲ ಕೇಳಿದೆ.

"ನಿನಗ್ಯಾಕೆ ಇದು ಸಿಂಚು? ನಾವು ಹೊರಗಿನಿಂದ ಬಂದೋರು. ಇವರ ಜಗಳ ಇವರು ನೋಡ್ಕೊಳ್ಳಲಿ."

"ನೀನು ಹೊರಗಿನಿಂದ ಬಂದೆ ಅಪ್ಪ. ನಾನು ಬಿರ್ಗಿತ್ತಾ ಕಿಚನ್ನಿಂದ ಬಂದೆ."

"ಅದಕ್ಕೆ?"

"ನೀನೇ ಅಲ್ವಾ ಹೇಳಿಕೊಟ್ಟಿದ್ದು? ದೊಡ್ಡ ಹಡಗು ಬರುತ್ತೆ ಅಂತ ಕಾದ್ರು, ದೂರದಲ್ಲಿ ನಿಂತು ನೋಡ್ತು ಅಂತ. ಈಗ್ಲೂ ಎಲ್ಲಾರೂ ಹಡಗು ಬರುತ್ತೆ ಅಂತಾನೇ ಇದಾರೆ. ಬರೋವರೆಗೆ ಇಲ್ಲಿ ಯಾರಾದ್ರೂ ಇರ್ಬೇಕಲ್ಲ."

ಅವಳು ಅದನ್ನು ಜೋರಾಗಿ ಹೇಳಲಿಲ್ಲ, ನನ್ನ ತೋಳು ಹಿಡಿದುಕೊಂಡೇ ಹೇಳಿದಳು. ನನಗೆ ಕೋಪ ಬಂತು, ಹೆಮ್ಮೆ ಬಂತು, ಭಯವಂತೂ ಹೇಳತೀರದಷ್ಟು ಬಂತು. ನಾನು ಸಾವಿರಾರು ಹುಡುಗರಿಗೆ ಈ ಪಾಠ ಮಾಡಿದ್ದೇನೆ. ಪರೀಕ್ಷೆ ಬರೆದು ಮರೆತರು. ಕೇಳಿಸಿಕೊಂಡವಳು ಇವಳೊಬ್ಬಳೇ, ನನ್ನ ಮಗಳು.

ವಸಂತ ಬಂದದ್ದು, ಪಾರ್ಕಿನಲ್ಲಿ ಹೂವು ಬಿಟ್ಟದ್ದು ಯಾವುದೂ ನನಗೆ ಸರಿಯಾಗಿ ನೆನಪಿಲ್ಲ. ಜೂನಿನಲ್ಲಿ ಇಲ್ಲಿನ ರೂಢಿಯಂತೆ ಬಿಳಿ ಟೋಪಿ ಹಾಕಿಕೊಂಡು ಸ್ಕೂಲು ಮುಗಿಸಿ ಬಂದಳು. ಪ್ರಬಂಧಕ್ಕೆ ಒಳ್ಳೆಯ ಗ್ರೇಡು ಬಂತು. ಅದರಲ್ಲಿ ಅವಳು ಷರತ್ತುಗಳಿಗೆ ಒಂದೇ ಪುಟ ಕೊಟ್ಟು, ಉಳಿದದ್ದೆಲ್ಲ ಸುಟ್ಟ ಕರಾವಳಿಯ ಜನರ ಬಗ್ಗೆಯೇ ಬರೆದಿದ್ದಳು. ಆಗಸ್ಟಿನಲ್ಲಿ ಹೊರಡುವ ಹಿಂದಿನ ದಿನ ಬಿರ್ಗಿತ್ತಾ ಮೇಲೆ ಬಂದರು. ತಾವೇ ಹೆಣೆದ ದಪ್ಪ ಉಣ್ಣೆ ಕಾಲುಚೀಲ ಸಿಂಚನಾಗೆ ಕೊಟ್ಟು, ಆಮೇಲೆ ನನ್ನ ಕಡೆ ತಿರುಗಿ ಎರಡೂ ಕೈಯಿಂದ ನನ್ನ ಕೈ ಹಿಡಿದುಕೊಂಡರು.

"ಥ್ಯಾಂಕ್ಸ್, ಬಾಸೆ" ಅಂದರು. ಅವರ ಕಣ್ಣು ತುಂಬಿತ್ತು.

ನಾನು ತಲೆಯಾಡಿಸಿದೆ. ನಾನು ಕೊಟ್ಟಿಲ್ಲ, ಬಿರ್ಗಿತ್ತಾ, ನಾನು ನನ್ನ ಮಗಳನ್ನು ಯಾರಿಗೂ ಕೊಟ್ಟಿಲ್ಲ ಅಂತ ಒಳಗೇ ಹೇಳಿಕೊಂಡೆ. ಅವರು ಬಾಗಿಲ ಹೊರಗೆ ತಮ್ಮ ಚಪ್ಪಲಿ ಹಾಕಿಕೊಂಡು ಕೆಳಗಿಳಿದರು.

ಸ್ಟೇಷನ್ನಿನಲ್ಲಿ ಶೈಲಜಾ ಚಕ್ಕುಲಿಯ ಡಬ್ಬಿ ಬ್ಯಾಗಿಗೆ ತುರುಕುತ್ತಿದ್ದಳು. ನಾನು ರೈಲಿನ ಬೋರ್ಡು ಓದುತ್ತಾ ನಿಂತಿದ್ದೆ. ಸಿಂಚನಾ ರೈಲಿನ ಮೆಟ್ಟಿಲ ಮೇಲೆ ನಿಂ​ತು, ಥೇಟ್ ಚಿಕ್ಕಂದಿನ ಹಾಗೆ ಗಂಟಲು ಸರಿಮಾಡಿಕೊಂಡು ಹೇಳಿದಳು: "ಅಪ್ಪ, ಪರಿಣಾಮಗಳಿಗೆ ಅರ್ಧ ಪುಟ ಜಾಗ ಬಿಡು. ಬಂದು ಬರೆಸ್ತೀನಿ." ಅವಳು ನಕ್ಕಳು. ನಾನೂ ನಕ್ಕೆ. ರೈಲು ಹೋದ ಮೇಲೂ ನಾವಿಬ್ಬರೂ ಸುಮಾರು ಹೊತ್ತು ಅಲ್ಲೇ ಕೂತಿದ್ದೆವು.

ತರಬೇತಿ ಮುಗಿಸಿ ಬಂದಳು. ಒಂದು ಕೂದಲೂ ಕೊಂಕಲಿಲ್ಲ. ಭುಜ ಅಗಲವಾಗಿದೆ, ಮಾತು ಕಮ್ಮಿಯಾಗಿದೆ. ಈಗ ಲಿನ್‌ಶೋಪಿಂಗ್‌ಗೆ ಓದಲು ಹೋಗಿ ಬರುತ್ತಾಳೆ. ಎಲ್ಲ ಮುಗಿಯಿತಲ್ಲ ಅಂದರೆ ಮುಗಿದಿಲ್ಲ. ಯುದ್ಧ ಬಂದರೆ ಅವಳು ಎಲ್ಲಿಗೆ ಹೋಗಿ ಹಾಜರಾಗಬೇಕು ಅನ್ನುವುದು ಈಗಲೇ ಗೊತ್ತುಮಾಡಿಟ್ಟಿದ್ದಾರೆ. ಅದು ಇನ್ನೂ ಬಹಳ ವರ್ಷ ಹಾಗೇ ಇರುತ್ತದೆ. ಕರೆ ಬಂದರೆ ಹೊರಡಲು ಕಟ್ಟಿಟ್ಟ ಅವಳ ಹಸಿರು ಬ್ಯಾಗು ಬಾಗಿಲ ಪಕ್ಕದಲ್ಲಿ, ಬೂಟುಗಳ ಗೂಡಿನ ಮೇಲಿದೆ. ಶೈಲಜಾ ಮನೆ ಗುಡಿಸುವಾಗ ಅದನ್ನೆತ್ತಿ ಗುಡಿಸಿ ಮತ್ತೆ ಅಲ್ಲೇ ಇಡುತ್ತಾಳೆ.

ಕಳೆದ ಭಾನುವಾರ ಕರೆಂಟು ಹೋದಾಗ ಮೊಬೈಲಿಗೂ ಸಿಗ್ನಲ್ ಇರಲಿಲ್ಲ. ಬ್ಯಾಟರಿ ರೇಡಿಯೊ ಹಾಕಿದೆ, ಗೊರಗೊರ ಅಂದಿತು. ಕೆಳಗೆ ಬಿರ್ಗಿತ್ತಾ ಬಾಗಿಲು ತೆರೆದ ಸದ್ದು ಕೇಳಿಸಿತು. ಶೈಲಜಾ ಬಾಲ್ಕನಿಯಿಂದ ಉಪ್ಪಿಟ್ಟಿನ ಬಾಣಲೆ ತಂದು ಅಡುಗೆಮನೆಯ ಟೇಬಲ್ಲಿನ ಮೇಲಿಟ್ಟಳು. ಅಷ್ಟರಲ್ಲಿ ಸಿಂಚನಾ ತನ್ನ ರೂಮಿನಿಂದ ಬಂದಳು. ಓಡಿ ಬರಲಿಲ್ಲ, ನಿಧಾನವಾಗಿಯೇ ಬಂದಳು. ಬಾಗಿಲ ಹತ್ತಿರ ಕೂತು ಸೈನ್ಯದ ಆ ದಪ್ಪ ಬೂಟು ಹಾಕಿಕೊಂಡು ದಾರ ಬಿಗಿದಳು. ಬ್ಯಾಗು ಇಳಿಸಿ ಹೊಸ್ತಿಲ ಪಕ್ಕ ಇಟ್ಟಳು. ಆಮೇಲೆ ಹಾಲ್ ದಾಟಿ ಅಡುಗೆಮನೆಗೆ ಬಂದು ಕುರ್ಚಿ ಎಳೆದುಕೊಂಡು ಕೂತಳು.

"ಹಾಕು ಅಮ್ಮ" ಅಂದಳು.

ಶೈಲಜಾ ಬಡಿಸಿದಳು. ಮೂವರೂ ತಿಂದೆವು. ರೇಡಿಯೊ ಗೊರಗುಡುತ್ತಲೇ ಇತ್ತು. ಸ್ವಲ್ಪ ಹೊತ್ತಿಗೆ ಫ್ರಿಜ್ಜು ಗುಂಯ್ ಅಂದಿತು, ತಲೆ ಮೇಲಿನ ದೀಪ ಹತ್ತಿತು, ಎದುರು ಕಟ್ಟಡದ ಕಿಟಕಿಗಳಿಂದ ಜನ ಒಬ್ಬೊಬ್ಬರಾಗಿ ಒಳಗೆ ಸರಿದರು. ಯಾವುದೋ ಟ್ರಾನ್ಸ್‌ಫಾರ್ಮರ್ ಕೆಟ್ಟಿತ್ತಂತೆ, ಆಮೇಲೆ ಗೊತ್ತಾಯಿತು. ಸಿಂಚನಾ ತಟ್ಟೆಯಿಂದ ತಲೆಯೆತ್ತಲಿಲ್ಲ. ಬೂಟಿನ ದಾರ ಬಿಚ್ಚಲೂ ಇಲ್ಲ.

ನಾನು ಶೈಲಜಾಳನ್ನು ನೋಡಿದೆ. ಅವಳ ಕಣ್ಣು ಟೇಬಲ್ಲಿನ ಕೆಳಗೆ, ಅಡುಗೆಮನೆಯ ನೆಲದ ಮೇಲಿದ್ದ ಆ ಬೂಟುಗಳ ಮೇಲಿತ್ತು. ಅವಳು ಎದ್ದು ಮಗಳ ತಟ್ಟೆಗೆ ಇನ್ನೊಂದು ಸೌಟು ಉಪ್ಪಿಟ್ಟು ಹಾಕಿದಳು.